ಎರಡನೇ ದರ್ಜೆಯ ಹನ್ನೆರಡು ಗಂಟೆ

ಸಾಗರದಲ್ಲಿ ಕಾರುಗಳ ಪಂದ್ಯ ನಡೆಯುತ್ತಿತ್ತು ಎಂದರೆ ಹೊರಗಿನವರು ನಗುತ್ತಾರೆ. ಪಂದ್ಯ ನಿಂತು ಎರಡೇ ವರ್ಷವಾಗಿದೆ. ಅಷ್ಟರಲ್ಲೇ ಸಾಗರದವರೂ ಕೆಲವರು, ‘ಹೌದಾ, ಅದು ಎಷ್ಟು ಸಲ ಆಗಿತ್ತು?’ ಎಂದು ಕೇಳತೊಡಗಿದ್ದಾರೆ. ಆರು ಸಲ. ಅರವತ್ತೊಂದರಲ್ಲಿ ಶುರುವಾಗಿ ಅರವತ್ತೇಳರಲ್ಲಿ ಮುಗಿಯಿತು. ನಡುವೆ ಅರವತ್ತೈದರಲ್ಲಿ ದಾರಿಯೇ ಇಲ್ಲದೆ ನಿಂತಿತ್ತು. ಆರು ಸಲವೂ ನಾನು ಅದರಲ್ಲಿದ್ದೆ. ಓಡಿಸುವವನಾಗಿ ಅಲ್ಲ, ಓಡಿಸುವವನ ಪಕ್ಕದಲ್ಲಿ ಗಡಿಯಾರ ನೋಡುತ್ತ ಕೂರುವವನಾಗಿ.

ಅದನ್ನು ಹುಟ್ಟಿಸಿದವನು ವಾಸಪ್ಪ. ಸಾಗರದ ಪೇಟೆ ಮುಗಿಯುವಲ್ಲಿ ಅವನ ಮೋಟಾರು ರಿಪೇರಿ ಶೆಡ್ಡು. ಕಾರ್ಗಲ್ಲಿನಲ್ಲಿ ಅಣೆಕಟ್ಟೆಯ ಕೆಲಸ ಜೋರಾಗಿದ್ದ ಕಾಲ. ಅಲ್ಲಿಯ ಎಂಜಿನಿಯರುಗಳು ತಮ್ಮ ಹೊಸ ಫಿಯೆಟ್ಟುಗಳನ್ನು ವಾಸಪ್ಪನ ಹತ್ತಿರ ತರುತ್ತಿದ್ದರು, ನಮ್ಮ ಕಡೆಯ ಬಾಡಿಗೆ ಕಾರಿನವರು ತಮ್ಮ ಹಳೆಯ ಗಾಡಿಗಳನ್ನು ತರುತ್ತಿದ್ದರು. ಕಾದು ಕೂತವರಿಗೆ ಬೇರೇನು ಕೆಲಸ? ಯಾರ ಗಾಡಿ ಗಟ್ಟಿ ಎಂಬ ವಾದ. ಅವರಲ್ಲೊಬ್ಬ ಎಂಜಿನಿಯರು ಮದರಾಸಿನ ಕಡೆ ಹನ್ನೆರಡು ಗಂಟೆ ಒಂದೇ ಸಮನೆ ಕಾರು ಓಡಿಸುವ ಪಂದ್ಯ ನೋಡಿ ಬಂದಿದ್ದ. ಅಂಥದ್ದನ್ನು ಇಲ್ಲೂ ಮಾಡೋಣವೆಂದು ಆತನೇ ದೊಡ್ಡ ಪಟ್ಟಣದ ಒಂದು ಮೋಟಾರು ಕ್ಲಬ್ಬಿಗೆ ಕಾಗದ ಬರೆದ. ಅವರ ಉತ್ತರ ಬಂತು: ನಿಮ್ಮಲ್ಲಿರುವುದು ಮನೆಮಂದಿ ಓಡಾಡುವ ಸಾಧಾರಣ ಕಾರುಗಳು, ಬೇಕಾದರೆ ಎರಡನೇ ದರ್ಜೆಯ ಪಂದ್ಯವೆಂದು ನಡೆಸಿಕೊಳ್ಳಿ, ಒಂದು ಬಾವುಟ ಕಳಿಸುತ್ತೇವೆ.

ಎಂಜಿನಿಯರಿಗೆ ಮುಖಭಂಗವಾಯಿತು. ವಾಸಪ್ಪನಿಗೆ ಆಗಲಿಲ್ಲ. “ಎರಡ್ನೇ ದರ್ಜೆ ಅಂದ್ರೆ ಎಂಥ ಕಡ್ಮೆ ಸ್ವಾಮಿ? ರೈಲಲ್ಲಿ ಎರಡ್ನೇ ದರ್ಜೆಯೋರು ಮಾರನೇ ದಿನ ಊರು ಮುಟ್ತಾರಾ? ಎಲ್ರೂ ಒಟ್ಟಿಗೇ ಇಳೀತಾರೆ” ಎಂದ. ಆಮೇಲೆ ಪಂದ್ಯದ ಪ್ರತಿ ಕಾರಿನ ಬಾಗಿಲಿಗೂ ದೊಡ್ಡದಾಗಿ ‘೨’ ಎಂದು ಸುಣ್ಣದಲ್ಲಿ ಬರೆಯುವುದು ವಾಡಿಕೆಯಾಯಿತು.

ನಿಯಮಗಳನ್ನು ವಾಸಪ್ಪನ ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು. ಬೆಳಿಗ್ಗೆ ಆರಕ್ಕೆ ಶೆಡ್ಡಿನ ಮುಂದಿನ ಗೆರೆಯಿಂದ ಹೊರಡಬೇಕು. ಆನಂದಪುರ, ರಿಪ್ಪನ್‌ಪೇಟೆ, ಕೋಣಂದೂರು, ತೀರ್ಥಹಳ್ಳಿ, ಅಲ್ಲಿಂದ ಹೊಸನಗರ, ಹೊಸನಗರದಿಂದ ಮತ್ತೆ ಸಾಗರ. ಇದು ಒಂದು ಸುತ್ತು, ತೊಂಬತ್ತು ಮೈಲಿ. ಗೆಲ್ಲುವವರು ನಾಲ್ಕು ಸುತ್ತು ಹೊಡೆಯುತ್ತಿದ್ದರು. ‘ಮುಗಿಸಿದ ಗಾಡಿ’ ಎನ್ನಿಸಿಕೊಳ್ಳಲು ಮೂರು ಸುತ್ತು ಸಾಕು, ಆದರೆ ಸಂಜೆ ಆರರೊಳಗೆ ತನ್ನ ಎಂಜಿನ್ನಿನ ಬಲದಿಂದಲೇ ಗೆರೆ ದಾಟಬೇಕು. ತಳ್ಳಿಸಿಕೊಂಡು ಬಂದರೆ ಲೆಕ್ಕವಿಲ್ಲ. ರಿಪೇರಿಯನ್ನು ಗಾಡಿಯಲ್ಲಿರುವ ಇಬ್ಬರೇ ಮಾಡಿಕೊಳ್ಳಬೇಕು, ದಾರಿಯ ಪಕ್ಕದ ಮನೆಯವರು ಏನು ಕೊಟ್ಟರೂ ತೆಗೆದುಕೊಳ್ಳಬಹುದು. ಈ ಕೊನೆಯ ನಿಯಮ ಯಾವ ದೊಡ್ಡ ಕ್ಲಬ್ಬಿನ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ಮೊದಲ ವರ್ಷ ಹನ್ನೊಂದು ಕಾರು ಹೊರಟು ಐದು ಮುಗಿಸಿದವು. ಕೆಂಪು ದೂಳಿನಲ್ಲಿ ಮುಂದಿನ ಗಾಡಿ ಕಾಣದೆ ಹಾರನ್ನಿನ ಸದ್ದು ಹಿಡಿದೇ ಓಡಿಸಿದರು. ಕೋಣಂದೂರಿನವರು ಬೆಳಗಿನಿಂದ ಸಂಜೆವರೆಗೆ ದನಗಳನ್ನು ಕೊಟ್ಟಿಗೆಯಿಂದ ಬಿಡಲಿಲ್ಲ. ಎರಡನೇ ವರ್ಷ ಎದುರಿಗೆ ಬಂದ ದಿಬ್ಬಣದ ಬಸ್ಸನ್ನು ಮದುಮಗನೇ ಇಳಿದು ಹಿಂದಕ್ಕೆ ಸರಿಸಿಕೊಟ್ಟ. ಅರವತ್ತನಾಲ್ಕರ ಮಳೆಗಾಲದಲ್ಲಿ ಅಣೆಕಟ್ಟೆಯಿಂದಾಗಿ ಶರಾವತಿಯ ನೀರು ಏರಿ ಹೊಸನಗರ–ಸಾಗರದ ನಡುವೆ ನಾವು ಓಡುತ್ತಿದ್ದ ಹಳೆಯ ದಾರಿಯ ತಗ್ಗಿನ ಭಾಗ ಮುಳುಗಿತು. ಮುಂದಿನ ವರ್ಷ ಪಂದ್ಯವಿಲ್ಲ. ಅರವತ್ತಾರರಲ್ಲಿ ಹೊಸ ದಾರಿ ಬಳಸಿಕೊಂಡು ಹೋಗುವುದರಿಂದ ಸುತ್ತು ತೊಂಬತ್ತೇಳು ಮೈಲಿಯಾಯಿತು. ‘ಏಳು ಮೈಲಿ ಹೆಚ್ಚಾಯ್ತು, ಇನ್ನೊಂದು ತಾಸು ಕೊಡಿ’ ಎಂದು ಯಾರೋ ಕೇಳಿದ್ದಕ್ಕೆ ವಾಸಪ್ಪ, “ನೀರು ಬಂತು ಅಂತ ಸೂರ್ಯ ತಡ ಮಾಡಿ ಮುಳುಗ್ತಾನಾ?” ಎಂದುಬಿಟ್ಟ.

ಈ ಆರು ಪಂದ್ಯಗಳ ಇತಿಹಾಸದಲ್ಲಿ ಗೆದ್ದವರ ಹೆಸರುಗಳು ವಾಸಪ್ಪನ ಗೋಡೆಯ ಮೇಲಿವೆ. ನಾನು ಹೇಳಬೇಕಾದದ್ದು ಗೆಲ್ಲದ ಒಬ್ಬನ ವಿಷಯ.

ತೀರ್ಥಹಳ್ಳಿಯ ಹೂವಪ್ಪನದು ಐವತ್ತೈದರ ಲ್ಯಾಂಡ್‌ಮಾಸ್ಟರ್, ಬಾಡಿಗೆ ಕಾರು. ಆತ ಪಂದ್ಯಕ್ಕೆ ಸೇರುವಾಗ ಸಮಯ ಬರೆಯಲು ಒಬ್ಬ ಜೊತೆಗಾರ ಬೇಕಾಗಿತ್ತು. ನಾನು ಹೊಸನಗರದಲ್ಲಿ ಶಾಲಾ ಮಾಸ್ತರ. ಸೆಕೆಂಡು ಮುಳ್ಳಿದ್ದ ಕೈಗಡಿಯಾರ ನನ್ನ ಹತ್ತಿರವಿತ್ತು. ನನ್ನ ಯೋಗ್ಯತೆ ಅಷ್ಟೇ.

ಹೂವಪ್ಪನಂಥ ಡ್ರೈವರನನ್ನು ನಾನು ಬೇರೆ ನೋಡಿಲ್ಲ. ಕಲ್ಲು ದಾರಿಯಲ್ಲಿ ಅವನು ಓಡಿಸುವಾಗ ಹಿಂದಿನ ಸೀಟಿನಲ್ಲಿಟ್ಟ ಮೊಟ್ಟೆ ಒಡೆಯುತ್ತಿರಲಿಲ್ಲ. ಗೇರು ಬದಲಿಸಿದ್ದು ಕಿವಿಗೆ ತಿಳಿಯುತ್ತಿರಲಿಲ್ಲ. ಆದರೂ ಐದು ಪಂದ್ಯಗಳಲ್ಲಿ ಒಂದನ್ನೂ ಆತ ಮುಗಿಸಲಿಲ್ಲ. ಕಾರಣ ಗಾಡಿಯಲ್ಲ. ಯಾರಾದರೂ ದಾರಿಯ ಪಕ್ಕ ಕೈ ಎತ್ತಿದರೆ ಅವನು ನಿಲ್ಲಿಸುತ್ತಿದ್ದ.

ದಿನಕ್ಕೆ ಮೂರು ಬಸ್ಸು ಬರುವ ದಾರಿ ನಮ್ಮದು. ಅದರಲ್ಲೂ ಒಂದು ಬರುವುದು ಖಾತ್ರಿಯಿಲ್ಲ. ಕೈ ಎತ್ತಿದವರನ್ನು ಬಿಟ್ಟು ಹೋದ ಎಂಬ ಮಾತು ಬಂದರೆ ಆ ಡ್ರೈವರನಿಗೆ ಮರ್ಯಾದೆ ಹೋದಂತೆ. ಮೊದಲ ವರ್ಷ ಕಾಲು ಉಳುಕಿದ ಅಂಚೆಯವನನ್ನು ಹತ್ತಿಸಿಕೊಂಡು ಅವನ ಟಪಾಲನ್ನೆಲ್ಲ ಮನೆಮನೆಗೆ ಹಂಚಿಸಿದ. ಮೂರನೇ ವರ್ಷ ಹಿಂದಿನ ಸೀಟಿನಲ್ಲಿ ಒಂದು ಕರು ತುಂಬಿಕೊಂಡು ಆರು ಇಪ್ಪತ್ತಕ್ಕೆ ಗೆರೆ ದಾಟಿದ. ‘ಪಂದ್ಯ ಅಂತ ಗೊತ್ತಿಲ್ವಾ ಹೂವಪ್ಪ?’ ಎಂದು ಬೈದರೆ, “ನಂಗೆ ಗೊತ್ತದೆ ಮೇಷ್ಟ್ರೇ, ಕಾಲಿಗೆ ಗೊತ್ತಿಲ್ಲ. ಅದು ತಾನಾಗೇ ಬ್ರೇಕಿನ ಮೇಲೆ ಹೋಗಿ ಕೂತ್ಕಳ್ತದೆ” ಎನ್ನುತ್ತಿದ್ದ.

ಅರವತ್ತೇಳರ ಪಂದ್ಯ ಮಾತ್ರ ನಗೆಯ ವಿಷಯವಾಗಿರಲಿಲ್ಲ.

ಹೂವಪ್ಪನ ಕಾರಿನ ಪರ್ಮಿಟ್ಟು ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಬೇಕಾದರೆ ಗಾಡಿ ಸರಿಯಾಗಿದೆ ಎಂದು ಬ್ರೇಕ್ ಇನ್‌ಸ್ಪೆಕ್ಟರು ಸಹಿ ಹಾಕಬೇಕು. ಜನವರಿಯಲ್ಲಿ ಅವರು ಗಾಡಿಯನ್ನು ನೋಡಿ, ಹನ್ನೆರಡು ವರ್ಷ ಹಳೆಯದು, ಬಾಡಿಗೆಗೆ ಓಡಿಸುವ ಹಾಗಿಲ್ಲ ಎಂದು ತಿರುಗಿಸಿ ಕಳಿಸಿದ್ದರು. ಅವರು ಕೆಟ್ಟವರಲ್ಲ, ಗಾಡಿ ನೋಡಲು ಹಾಗೇ ಇತ್ತು. ಮೊದಲು ಯಾವ ಬಣ್ಣವಿತ್ತು ಎಂದು ಹೂವಪ್ಪನೇ ಯೋಚಿಸಿ ಹೇಳಬೇಕು. ವಾಸಪ್ಪ ಹೋಗಿ ಬೇಡಿಕೊಂಡ ಮೇಲೆ ಅವರು, “ನಿಮ್ಮ ಆ ಪಂದ್ಯ ಇದೆಯಲ್ಲ, ಅದರಲ್ಲಿ ಮುಗಿಸಿದ ಗಾಡಿ ಅಂತ ಅನ್ನಿಸಿಕೊಳ್ಳಲಿ. ನಾನೇ ಬಂದು ಗೆರೆ ಹತ್ತಿರ ನಿಲ್ತೀನಿ. ಮೂರು ಸುತ್ತು, ಆರು ಗಂಟೆ ಒಳಗೆ. ಬಂದ್ರೆ ಅಲ್ಲೇ ಸಹಿ” ಎಂದಿದ್ದರು.

ಪರ್ಮಿಟ್ಟು ಹೋದರೆ ಹೂವಪ್ಪನಿಗೆ ಬೇರೆ ಉದ್ಯೋಗ ಗೊತ್ತಿಲ್ಲ. ತೀರ್ಥಹಳ್ಳಿಯಿಂದ ಹೊಸನಗರದವರೆಗಿನ ಜನಕ್ಕೆ ಬೇರೆ ಕಾರೂ ಗೊತ್ತಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಚುನಾವಣೆ. ಇದ್ದಬದ್ದ ಕಾರುಗಳೆಲ್ಲ ಪ್ರಚಾರಕ್ಕೆ ಓಡಿ ಓಡಿ ಸುಸ್ತಾಗಿದ್ದರಿಂದ ಪಂದ್ಯವನ್ನು ಮಾರ್ಚಿಗೆ ಹಾಕಿದರು. ಹಿಂದಿನ ದಿನ ಹೊರಡುವಾಗ, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ನನ್ನ ಹೆಂಡತಿ ವೇದಾವತಿ ನಮ್ಮ ಮನೆಮಾತಿನಲ್ಲಿ, “ನಿಂಗಕ್ಕೆ ಇದೆಂತ ಹುಚ್ಚು? ಆ ಕಾರು ಎಲ್ಲಾದ್ರೂ ನಿಂತ್ರೆ ಎಂಗೊ ಇಬ್ರೂ ಇಲ್ಲಿ ಎಂತ ಮಾಡವು?” ಎಂದಳು.

“ನಾಳೆ ಎಂಟು ಗಂಟೆ ಒಳಗೆ ಬತ್ತೆ” ಎಂದೆ.

“ಹೂವಪ್ಪನ ಕಾರಲ್ಲಿ ಹೋದವು ಎಂಟಕ್ಕೆ ಬಂದದ್ದು ಇದ್ದಾ?” ನಾನು ಗಡಿಯಾರಕ್ಕೆ ಕೀಲಿ ಕೊಟ್ಟು ಹೊರಟೆ.

ಈ ಸಲ ವಾಸಪ್ಪ ಒಂದು ಉಪಾಯ ಮಾಡಿದ್ದ. ಪಂದ್ಯಕ್ಕೆ ಮೂರು ದಿನ ಮೊದಲೇ ಬಸ್ ಕಂಡಕ್ಟರುಗಳ ಕೈಯಲ್ಲಿ ದಾರಿಯುದ್ದಕ್ಕೂ ಹೇಳಿ ಕಳಿಸಿದ: ಭಾನುವಾರ ಹೂವಪ್ಪನ ಗಾಡಿಗೆ ಯಾರೂ ಕೈ ಎತ್ತಬೇಡಿ. ಏನೇ ಅವಸರವಿದ್ದರೂ ಎತ್ತಬೇಡಿ. ಎತ್ತಿದರೆ ಗಾಡಿಯೇ ಇರುವುದಿಲ್ಲ.

ಎಂಟು ಕಾರು ಹೊರಟೆವು. ಮುಂದೆ ಫಿಯೆಟ್ಟುಗಳು, ಎಲ್ಲರ ಹಿಂದೆ ನಾವು. ಆನಂದಪುರ ದಾಟುವ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದದ್ದನ್ನು ಮರೆಯಲಾರೆ. ದಾರಿಯ ಎರಡೂ ಬದಿಗೆ ಜನ ನಿಂತಿದ್ದರು, ಪ್ರತಿಯೊಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಗಂಡಸರು, ಹೆಂಗಸರು, ಶಾಲೆಯ ಮಕ್ಕಳು. ಮುಂದಿನ ಕಾರುಗಳಿಗೆ ಕೈಬೀಸಿ ಕೂಗಿದವರು ನಮ್ಮ ಗಾಡಿ ಕಂಡೊಡನೆ ಗಪ್ಪನೆ ಕೈ ಹಿಂದಕ್ಕೆ ಸೇರಿಸುತ್ತಿದ್ದರು. ಬಾಯಿ ಮಾತ್ರ ಕೂಗುತ್ತಿತ್ತು.

“ಏನ್ ಮೇಷ್ಟ್ರೇ, ಎಲ್ರನ್ನೂ ಪೊಲೀಸರು ಹಿಡ್ದಂಗೆ ಕಾಣ್ತದಲ್ಲ!” ಎಂದ ಹೂವಪ್ಪ. ನಗುತ್ತಿದ್ದ.

ರಿಪ್ಪನ್‌ಪೇಟೆಯ ಆಚೆ ಒಂದು ತಿರುವಿನಲ್ಲಿ ಧಡಕ್ಕನೆ ಬ್ರೇಕು ಬಿತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬದಿಯಲ್ಲಿ ನಡೆಯುತ್ತಿದ್ದಳು.

“ಹತ್ತಮ್ಮ. ಹೊರೆ ಮೇಲೆ ಕಟ್ಟನ” ಎಂದ ಹೂವಪ್ಪ, ಆಗಲೇ ಬಾಗಿಲು ತೆಗೆಯುತ್ತ.

“ಅಯ್ಯೋ ನಿನ್ ಮನೆ ಕಾಯ್ವಾಗ! ನಾ ಕೈ ಎತ್ಲಿಲ್ವೋ, ಹೊರೆ ಹಿಡ್ಕಂಡಿದೀನಿ! ಹೋಗು, ಹೋಗು!”

ಅವಳು ಹೊರೆಯನ್ನು ಧೊಪ್ಪನೆ ನೆಲಕ್ಕೆ ಹಾಕಿ, ಕೈಗಳನ್ನು ಹಿಂದೆ ಕಟ್ಟಿ ನಿಂತು ತೋರಿಸಿದ ಮೇಲೆಯೇ ಗಾಡಿ ಹೊರಟಿತು.

ಮೊದಲ ಸುತ್ತು ಮುಗಿಸಿದಾಗ ಒಂಬತ್ತೂವರೆ. ಎರಡನೆಯದರಲ್ಲಿ ತೀರ್ಥಹಳ್ಳಿ ಹತ್ತಿರ ಬಂದಾಗ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ರೇಡಿಯೇಟರಿನ ತಳದಲ್ಲಿ ಎಲ್ಲೋ ಸೋರಿಕೆ. ಗಾಡಿ ಹೂವಪ್ಪನ ಮನೆಯ ಮುಂದೆಯೇ ನಿಂತಿತು. ಅವನ ಹೆಂಡತಿ ವೆಂಕಮ್ಮ ಬಿಂದಿಗೆ ಹಿಡಿದುಕೊಂಡೇ ಹೊರಬಂದಳು.

“ಅರಿಶಿನದ ಪುಡಿ ಎಷ್ಟದೆ?” ಎಂದ ಹೂವಪ್ಪ.

“ಎಷ್ಟು ಬೇಕು?”

“ಇದ್ದಷ್ಟೂ.”

“ನಾಳೆ ಅಡಿಗೆಗೆ?”

“ನಾಳೆ ಬಿಳೀ ಸಾರು ಮಾಡು ಮಾರಾಯ್ತಿ, ಇವತ್ತು ಈ ಮುದುಕಿಗೆ ಉಣ್ಸು!”

ಅರ್ಧ ಡಬ್ಬಿ ಅರಿಶಿನವನ್ನು ನೀರಿನಲ್ಲಿ ಕದಡಿ ರೇಡಿಯೇಟರಿಗೆ ಹೊಯ್ದ. ಪುಡಿ ಹೋಗಿ ಸಂದಿಯಲ್ಲಿ ಕೂತರೆ ಸೋರುವುದು ನಿಲ್ಲುತ್ತದೆ. ಕಾಯಬೇಕು, ತಣಿಸಬೇಕು, ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು. ಮೂವತ್ತೈದು ನಿಮಿಷ ಹೋಯಿತು. ಅಷ್ಟು ಹೊತ್ತೂ ವೆಂಕಮ್ಮ ಮುಚ್ಚಳ ತೆಗೆಯಲು ಬಟ್ಟೆ, ಹೊಯ್ಯಲು ನೀರು ತಂದುಕೊಡುತ್ತಿದ್ದಳು. ಹೊರಡುವಾಗ ಕಿಟಕಿಯ ಹತ್ತಿರ ಬಂದು, “ಮೇಷ್ಟ್ರೇ, ಇವ್ರ ಕಾಲು ಸ್ವಲ್ಪ ನೋಡ್ಕಳಿ” ಎಂದಳು. ನಾನು ಆಗಲಿ ಎಂದು ತಲೆಯಾಡಿಸಿದೆ.

ಆಮೇಲೆ ಏರು ಬಂದಾಗಲೆಲ್ಲ ಗಾಡಿಯೊಳಗೆ ಸಾರಿನ ವಾಸನೆ. ಎರಡನೇ ಸುತ್ತು ಮುಗಿಯುವಾಗ ಒಂದೂಮುಕ್ಕಾಲು. ಇನ್ನು ತೊಂಬತ್ತೇಳು ಮೈಲಿಗೆ ನಾಲ್ಕೂಕಾಲು ತಾಸು. ಆಗುವ ಮಾತೇ. ಎಂಟು ಕಾರುಗಳಲ್ಲಿ ನಾಲ್ಕು ಅಷ್ಟರಲ್ಲಿ ನಿಂತಿದ್ದವು. ಕೋಣಂದೂರಿನ ಹತ್ತಿರ ಹೊಸ ಫಿಯೆಟ್ಟೊಂದು ಹಿಂದಿನ ಆಕ್ಸಲ್ ಮುರಿದು ಬದಿಗೆ ವಾಲಿತ್ತು. ಹೂವಪ್ಪ ಅದನ್ನು ದಾಟುವಾಗ ವೇಗ ಕಮ್ಮಿ ಮಾಡಿ ಆ ಗಾಡಿಯನ್ನೇ ನೋಡಿದ. “ಒಳ್ಳೇ ಗಾಡಿ. ಪಾಪ, ಇನ್ನೂ ದಾರಿ ಕಲ್ತಿಲ್ಲ” ಎಂದ.

ಮೂರನೇ ಸುತ್ತಿನಲ್ಲಿ ಅವನು ಓಡಿಸಿದ್ದನ್ನು ನೋಡಬೇಕಿತ್ತು. ಕಲ್ಲೆಲ್ಲಿದೆ, ಎಲ್ಲಿ ಮೋರಿಯ ಅಂಚು ಕುಸಿದಿದೆ ಎಂದು ಅವನ ಕೈಗೆ ಮೊದಲೇ ತಿಳಿದಿತ್ತು. ಇಳಿಜಾರಿನಲ್ಲಿ ಎಂಜಿನ್ನಿಗೆ ವಿಶ್ರಾಂತಿ ಕೊಟ್ಟು, ಸಮತಟ್ಟಿನಲ್ಲಿ ನಿಮಿಷ ಗಳಿಸಿಕೊಂಡು, ನಾಲ್ಕು ಐವತ್ತಕ್ಕೆ ಹೊಸನಗರ ಬಿಟ್ಟ. ಉಳಿದದ್ದು ಇಪ್ಪತ್ತೇಳು ಮೈಲಿ, ಎಪ್ಪತ್ತು ನಿಮಿಷ. ಹದಿನೈದು ನಿಮಿಷ ನಮ್ಮ ಕೈಯಲ್ಲಿ ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಹೇಳಬಾರದಿತ್ತೇನೋ.

ನಾಲ್ಕು ಮೈಲಿ ಹೋಗುವಷ್ಟರಲ್ಲಿ ಬಸ್ ನಿಲ್ಲುವ ಮರದ ಕೆಳಗೆ ಒಬ್ಬ ಮುದುಕಿ ಕಂಡಳು. ಪಕ್ಕದಲ್ಲಿ ಕೈಚೀಲ, ಚೀಲದ ಬಾಯಿಂದ ಕಾಣುವ ಊಟದ ತೂಕುಪಾತ್ರೆ. ಎರಡೂ ಕೈ ಬೆನ್ನ ಹಿಂದೆ. ಗಾಡಿ ಅವಳನ್ನು ದಾಟಿ ಇಪ್ಪತ್ತು ಮಾರು ಹೋಗಿ ನಿಂತಿತು.

“ಯಾಕೆ?” ಎಂದೆ.

“ದುಗ್ಗಮ್ಮ ಅಲ್ವಾ ಅದು. ಅವಳ ಸೊಸೆ ಸಾಗರದ ಆಸ್ಪತ್ರೇಲಿ ಇದಾಳೆ. ದಿನಾ ಸಂಜೆ ಬಸ್ಸಿಗೆ ಊಟ ತಗಂಡು ಹೋಗ್ತಾಳೆ.”

“ಅವಳು ಕೈ ಎತ್ಲಿಲ್ಲ ಹೂವಪ್ಪ!”

“ಬಸ್ಸು ಹೋಯ್ತಲ್ಲ ಮೇಷ್ಟ್ರೇ. ನಮ್ಮ ಪಂದ್ಯಕ್ಕೆ ದಾರಿ ಬಿಡ್ಬೇಕು ಅಂತ ಇವತ್ತು ಅರ್ಧ ಗಂಟೆ ಮುಂಚೆ ಬಿಟ್ಟಿದ್ದಾರೆ. ಹೊಸನಗರದ ಬಸ್ ಸ್ಟ್ಯಾಂಡು ಖಾಲಿ ಇತ್ತು, ನೋಡ್ಲಿಲ್ವಾ?”

ಅವನು ಗಾಡಿಯನ್ನು ಹಿಂದಕ್ಕೆ ತಂದ. ದುಗ್ಗಮ್ಮ ಮರದ ಹಿಂದೆ ಸರಿದು ನಿಂತಳು. “ನಾ ಕೈ ಎತ್ಲಿಲ್ಲ! ಮೇಷ್ಟ್ರು ಸಾಕ್ಷಿ! ನೀ ಹೋಗೋ, ನಿನ್ ಗಾಡಿ ಹೋದ್ರೆ ನಾಳೆ ಬಸ್ಸು ಬರದಾಗ ನಂಗೆ ಯಾವ ಗತಿ?”

“ಇವತ್ತಿನ ಗತಿ ಮೊದ್ಲು ನೋಡನ. ಹತ್ತಜ್ಜಿ.”

“ಹತ್ತಲ್ಲ.”

“ಹತ್ತದಿದ್ರೆ ನಾನೂ ಹೋಗಲ್ಲ.” ಹೂವಪ್ಪ ಎಂಜಿನ್ ಬಂದ್ ಮಾಡಿಬಿಟ್ಟ.

ದುಗ್ಗಮ್ಮ ಅವನಿಗೆ ಬೈಯುತ್ತಲೇ ಓಡಿಬಂದು ಹತ್ತಿದಳು. ನಾಲ್ಕು ನಿಮಿಷ ಹೋಗಿತ್ತು. ಇನ್ನು ಮುಂದೆ ಯಾರೇ ಇದ್ದರೂ ನಿಲ್ಲಿಸಕೂಡದು ಎಂದು ನಾನು ಗಟ್ಟಿಯಾಗಿ ಹೇಳಿದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಹೂವಪ್ಪ ವಿಧೇಯನಾಗಿ ‘ಹೂಂ’ ಎಂದ.

ಬಟ್ಟೆಮಲ್ಲಪ್ಪ ದಾಟಿದ ಮೇಲೆ ಒಬ್ಬ ತಾಯಿ, ಎರಡು ಹೆಣ್ಣುಮಕ್ಕಳು, ಒಂದು ಟ್ರಂಕು ನಿಂತಿದ್ದು ಕಂಡಿತು. ಮೂವರ ಕೈಯೂ ಬೆನ್ನ ಹಿಂದೆ. ಟ್ರಂಕನ್ನು ನಮಗೆ ಕಾಣದಂತೆ ಮರೆಮಾಡಿ ನಿಲ್ಲಲು ಮೂವರೂ ಸಾಲಾಗಿ ನಿಂತಿದ್ದರು. ಹೂವಪ್ಪ ಹಲ್ಲು ಕಚ್ಚಿ, ಕಣ್ಣನ್ನು ದಾರಿಯ ಮೇಲೇ ನೆಟ್ಟು, ನನಗೆ ಕೊಟ್ಟ ಮಾತಿನಂತೆ ದಾಟಿಕೊಂಡು ಹೋದ. ಆಗ ಹುಡುಗಿಯರ ಮುಖ ನನಗೆ ಕಂಡಿತು. ಮೂರು ವರ್ಷ ನನ್ನ ಮುಂದೆಯೇ ಕೂತು ಲೆಕ್ಕ ಕಲಿತವರು. ಮಾರನೆಯ ಬೆಳಿಗ್ಗೆ ಸಾಗರದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ.

“ಹೂವಪ್ಪ” ಎಂದೆ.

“ಏನು ಮೇಷ್ಟ್ರೇ?”

ನಾನು ಕೈ ಎತ್ತಿದೆ. ಅವನ ಪಕ್ಕದ ಸೀಟಿನಲ್ಲೇ ಕೂತು, ಗಡಿಯಾರವಿದ್ದ ಕೈಯನ್ನೇ ಎತ್ತಿದೆ. ಬ್ರೇಕು ಬಿತ್ತು.

“ನಾನಲ್ಲ, ನೀವೇ ಎತ್ತಿದ್ದು” ಎಂದ, ಮುಖ ತುಂಬ ನಗು.

ತಾಯಿ, ಇಬ್ಬರು ಹುಡುಗಿಯರು ಹಿಂದೆ ದುಗ್ಗಮ್ಮನ ಜೊತೆ ತುರುಕಿಕೊಂಡರು. ಟ್ರಂಕನ್ನು ಮೇಲೆ ಕಟ್ಟುವಾಗ ಹತ್ತಿರದ ಗದ್ದೆಯಿಂದ ಅಂಜನಪ್ಪ ಎಂಬ ಬಡಗಿ ಹಗ್ಗ ಹಿಡಿದುಕೊಂಡು ಓಡಿಬಂದ. ಗಂಟು ಹಾಕಿಕೊಟ್ಟವನು, ತಾನೂ ಸಾಗರಕ್ಕೇ ಹೋಗಬೇಕಿತ್ತು, ಆದರೆ ಕೇಳುವುದಿಲ್ಲ, ಸುಮ್ಮನೆ ಹೇಳಿದೆ ಅಷ್ಟೇ ಎಂದ. ಅವನೂ ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅರ್ಧ ಕೂತ. ನಾವೀಗ ಏಳು ಜನ. ಐದು ಇಪ್ಪತ್ತೇಳು. ಇನ್ನು ಹದಿಮೂರು ಮೈಲಿ.

ಕೊನೆಯ ಏರು ಬಂತು. ಏಳು ಜನ, ಟ್ರಂಕು, ಅಂಜನಪ್ಪನ ಉಳಿ ಸುತ್ತಿಗೆಗಳ ಚೀಲ. ಗಾಡಿ ಎರಡನೇ ಗೇರಿಗೆ ಬಂದು, ಮೊದಲನೇ ಗೇರಿಗೆ ಬಂದು, ಮನುಷ್ಯ ನಡೆಯುವಷ್ಟು ವೇಗಕ್ಕೆ ಬಂತು. ಹಳದಿ ಹಬೆ ಗಾಜಿಗೆ ಬಡಿಯುತ್ತಿತ್ತು.

“ನಾ ಇಳಿತೀನಿ ಮಾರಾಯ, ನಡ್ಕಂಡು ಬರ್ತೀನಿ” ಎಂದಳು ದುಗ್ಗಮ್ಮ.

“ಕೂತ್ಕಳಿ. ನಿಲ್ಸಿದ್ರೆ ಗಾಡಿ ಮತ್ತೆ ಏರು ಹತ್ತಲ್ಲ.” ಹೂವಪ್ಪ ಸ್ಟಿಯರಿಂಗಿನ ಮೇಲೆ ಬಾಗಿ, ಗಾಡಿಗಷ್ಟೇ ಕೇಳುವಂತೆ ಮಾತಾಡತೊಡಗಿದ. “ಇನ್ನೊಂದ್ ಚೂರು. ನೋಡು, ಆ ಮತ್ತಿ ಮರದ ತಂಕ. ಅಲ್ಲಿಂದ ಇಳಿಜಾರು. ಹೌದು ನನ್ನವ್ವ. ಹೌದು.” ಹುಡುಗಿಯರು ಉಸಿರು ಹಿಡಿದು ಕೂತಿದ್ದರು. ತನ್ನ ಭಾರ ಕಮ್ಮಿಯಾಗಲಿ ಎಂದು ಅಂಜನಪ್ಪ ಸೀಟಿನ ಮೇಲೆ ಕೈಯೂರಿ ಮೈ ಎತ್ತಿಕೊಂಡಿದ್ದ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದ ನಾನೂ ಹಾಗೇ ಮಾಡಿದ್ದೆ.

ಮರ ದಾಟಿತು. ಮೂತಿ ಕೆಳಗಾಯಿತು. ಗಾಡಿಯ ತುಂಬ ಒಂದು ಕೂಗು.

ಸಾಗರದ ಮೊದಲ ಮನೆಗಳು ಕಂಡಾಗ ಐದು ಐವತ್ತಮೂರು. ಆಗಲೇ ಅಂಜನಪ್ಪನಿಗೆ ನೆನಪಾದದ್ದು. “ಹೂವಪ್ಪಣ್ಣ, ಗೆರೆ ಹತ್ರ ಬ್ರೇಕ್ ಇನ್‌ಸ್ಪೆಕ್ಟರು ಇರ್ತಾರೆ ಅಂದಿದ್ರಲ್ಲ? ನಿನ್ ಪರ್ಮಿಟ್ಟು ನೀನೂ ಸೇರಿ ಐದೇ ಜನಕ್ಕೆ. ಇಲ್ಲೇ ಇಬ್ರು ಇಳ್ಕಂಡ್ ಬಿಡ್ತೀವಿ.”

ನಾನು ಬಾಗಿಲಿಗೆ ಕೈ ಹಾಕಿದೆ. ಇಳಿಯುವುದು ಒಂದು ನಿಮಿಷದ ಕೆಲಸ. ಸಮಯವೂ ಇತ್ತು.

ಹೂವಪ್ಪ ನಿಲ್ಲಿಸಲಿಲ್ಲ. “ಗಾಡಿ ಹೆಂಗದೆ ನೋಡ್ಬೇಕು ಅಂದಿದ್ದಾರೆ ಅವ್ರು. ದಿನಾ ಹೆಂಗಿರ್ತದೋ ಹಂಗೇ ನೋಡ್ಲಿ” ಎಂದ.

ಐದು ಐವತ್ತಾರಕ್ಕೆ ಗೆರೆ ದಾಟಿದೆವು. ಜನ ಕೂಗಲು ಬಾಯಿ ತೆರೆದವರು ಒಳಗೆ ಕೂತವರನ್ನು ಕಂಡು ಹಾಗೇ ನಿಂತರು. ವಾಸಪ್ಪ ಬಾವುಟವನ್ನು ಬೀಸಿ, ಆಮೇಲೆ ಅದೇ ಬಾವುಟದಿಂದ ಮುಖ ಮುಚ್ಚಿಕೊಂಡ.

ಇನ್‌ಸ್ಪೆಕ್ಟರು ನಿಧಾನವಾಗಿ ಬಂದರು. ಬೆರಳು ಮಾಡಿ ಏಳರವರೆಗೆ ಎಣಿಸಿದರು. ಮೇಲಿನ ಟ್ರಂಕನ್ನು ನೋಡಿದರು. ಗಾಡಿಯ ಸುತ್ತ ಬಂದು ಟಯರುಗಳನ್ನು ಬೂಟಿನಿಂದ ಒದ್ದರು. ಬಾನೆಟ್ಟು ಎತ್ತಿ ಬಗ್ಗಿ, ಮೂಗು ಅರಳಿಸಿ, ಏನೂ ಕೇಳದೆ ಮುಚ್ಚಿದರು. ಆಮೇಲೆ ಕಿಟಕಿಗೆ ಬಂದು ದುಗ್ಗಮ್ಮನನ್ನು ಕೇಳಿದರು: “ಏರು ಹತ್ತುವಾಗ ನಿಮ್ಮನ್ನೆಲ್ಲ ಇಳಿಸಿದ್ನಾ ಇವನು?”

“ಇಳಿತೀನಿ ಅಂದ್ರೂ ಬಿಡ್ಲಿಲ್ಲ ಸ್ವಾಮಿ. ಬೈದು ಕೂರ್ಸಿದ.”

“ಪೂರಾ ಏಳೂ ಜನಾನಾ?”

“ಮತ್ತೆ? ನಾನು ಅರ್ಧ ಜನ ಕಾಣ್ತೀನಾ?”

ಯಾರೋ ನಕ್ಕರು. ಇನ್‌ಸ್ಪೆಕ್ಟರು ನಗಲಿಲ್ಲ. ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ಬರೆಯತೊಡಗಿದರು. ಕಾಗದ ಬಿಸಿಯಾಗುತ್ತಿತ್ತೇನೋ, ಆಗಾಗ ಎತ್ತಿ ಹಿಡಿಯುತ್ತಿದ್ದರು. ಹೂವಪ್ಪ ಕೆಳಗಿಳಿದು, ಗಾಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ತಗೋ. ಇದು ಕೇಸು. ಪರ್ಮಿಟ್ಟಿಗಿಂತ ಇಬ್ಬರು ಹೆಚ್ಚು” ಎಂದರು ಇನ್‌ಸ್ಪೆಕ್ಟರು. ಹೂವಪ್ಪ ತಲೆಬಾಗಿಸಿ ತೆಗೆದುಕೊಂಡ. ಅವರು ಇನ್ನೊಂದು ಹಾಳೆ ಕೊಟ್ಟರು. “ಇದೂ ತಗೋ. ಏಳು ಜನರನ್ನ ಹೊತ್ತು ಏರು ಹತ್ತಿ ಬಂದ ಗಾಡೀನ ಕೆಟ್ಟದು ಅಂತ ಬರೆಯೋಕೆ ನನ್ನ ಕೈಲಿ ಆಗಲ್ಲ. ಒಂದು ವರ್ಷಕ್ಕೆ ಸಹಿ ಹಾಕಿದೀನಿ.”

ಆಗ ಎದ್ದ ಗದ್ದಲದಲ್ಲಿ ನನ್ನ ಕನ್ನಡಕ ಎಲ್ಲೋ ಬಿತ್ತು. ಹೂವಪ್ಪ ಎರಡೂ ಕಾಗದಗಳನ್ನು ಹಣೆಗೆ ಮುಟ್ಟಿಸಿಕೊಂಡ, ಕೇಸಿನದನ್ನೂ ಸೇರಿಸಿ.

“ಗಾಡಿ ಮುಂದೆ ಹೋಗ್ಬೇಕಾದ್ರೆ ಇಬ್ರು ಇಳೀಬೇಕು” ಎಂದರು ಇನ್‌ಸ್ಪೆಕ್ಟರು. ನಾನು ಮತ್ತು ಅಂಜನಪ್ಪ ಇಳಿದೆವು. “ಊಟ ತಣ್ಣಗಾಗ್ತದೆ ಕಣಾ, ಆಸ್ಪತ್ರೆ ಬಾಗ್ಲು ಹಾಕ್ತಾರೆ” ಎಂದು ದುಗ್ಗಮ್ಮ ಒಳಗಿನಿಂದ ಕೂಗಿದಳು. ಮೊದಲು ಆಸ್ಪತ್ರೆ, ಆಮೇಲೆ ಹುಡುಗಿಯರ ನೆಂಟರ ಮನೆ ಎನ್ನುತ್ತ ಹೂವಪ್ಪ ಹೊರಟೇಬಿಟ್ಟ.

ಆರು ಗಂಟೆಗೆ ಬಾವುಟ ಬಿತ್ತು. ನಾಲ್ಕು ಗಾಡಿಗಳು ಮುಗಿಸಿದ್ದವು. ವಾಸಪ್ಪ ಹಿತ್ತಾಳೆಯ ಫಲಕಗಳನ್ನು ಸಾಲಾಗಿ ಬೆಂಚಿನ ಮೇಲಿಟ್ಟು ನಿಂತ. ನಾಲ್ಕು ಸುತ್ತು ಹೊಡೆದು ಗೆದ್ದವನು ಕಾರ್ಗಲ್ಲಿನ ಆ ಎಂಜಿನಿಯರೇ, ಮೊದಲ ವರ್ಷ ಕಾಗದ ಬರೆದವನು. ಫಲಕ ಕೊಡಲು ಹೋದರೆ ಆತ ತೆಗೆದುಕೊಳ್ಳಲಿಲ್ಲ. “ಅವನು ಬರಲಿ ಮಾರಾಯ” ಎಂದು ತನ್ನ ಫಿಯೆಟ್ಟಿನ ಬಾನೆಟ್ಟಿನ ಮೇಲೆ ಕೂತ. ಉಳಿದ ಇಬ್ಬರೂ ಹಾಗೇ ಕೂತರು. ಇನ್‌ಸ್ಪೆಕ್ಟರಿಗೆ ಶಿವಮೊಗ್ಗದ ಬಸ್ಸಿತ್ತು, ಅವರೂ ಹೋಗಲಿಲ್ಲ.

ಆರೂಮುಕ್ಕಾಲಕ್ಕೆ ಲ್ಯಾಂಡ್‌ಮಾಸ್ಟರ್ ಬಂತು. ಜನ ಕೂಗಿದರು. ಹತ್ತಿರ ಬಂದಾಗ ನೋಡಿದರೆ ಒಳಗೆ ಮತ್ತೆ ಜನ. ಆಸ್ಪತ್ರೆಯಿಂದ ಬಿಡುಗಡೆಯಾದ ಬಾಣಂತಿ, ಕೂಸು ಎತ್ತಿಕೊಂಡ ಅವಳ ತಾಯಿ, ಗಂಡ, ಗಂಡನ ಅಣ್ಣ.

“ನಾನೂ ಸೇರಿ ಐದೇ ಜನ ಸ್ವಾಮಿ, ಎಣಿಸ್ಕಳಿ” ಎಂದ ಹೂವಪ್ಪ ಇನ್‌ಸ್ಪೆಕ್ಟರಿಗೆ. “ಕೂಸಿನ್ನ ಲೆಕ್ಕಕ್ಕೆ ಹಿಡೀಬೇಡಿ, ಒಂಬತ್ತು ದಿನದ್ದು.”

ವಾಸಪ್ಪ ಫಲಕವನ್ನು ಅವನ ಕೈಗಿಟ್ಟ. ಆರು ಪಂದ್ಯಗಳಲ್ಲಿ ಅವನಿಗೆ ಸಿಕ್ಕ ಒಂದೇ ಫಲಕ. ಹೂವಪ್ಪ ಅದನ್ನು ತಿರುಗಿಸಿ ನೋಡಿ, ಅಂಗಿಯಿಂದ ಒರೆಸಿ, ಹಿಂದಿನ ಸೀಟಿಗೆ ಕೊಟ್ಟ. “ಸ್ವಲ್ಪ ಹಿಡ್ಕಳಮ್ಮ” ಎಂದ ಬಾಣಂತಿಯ ತಾಯಿಗೆ. ಆಮೇಲೆ ನನ್ನ ಕಡೆ ತಿರುಗಿದ. ಮೊದಲ ಬಾರಿಗೆ ಅವನ ಮುಖದಲ್ಲಿ ಸಂಕೋಚ ಕಂಡಿತು.

“ಮೇಷ್ಟ್ರೇ, ಇವ್ರೆಲ್ಲ ಹೊಸನಗರಕ್ಕೇ. ನಿಮ್ಮನ್ನೂ ಕೂರ್ಸಿಕೊಂಡ್ರೆ ಆರಾಗ್ತದೆ.” ಕಣ್ಣಿನಿಂದಲೇ ಇನ್‌ಸ್ಪೆಕ್ಟರನ್ನು ತೋರಿಸಿದ. “ನೀವು ಕೊನೇ ಬಸ್ಸಿಗೆ ಬರ್ತೀರಾ?”

ಬರುತ್ತೇನೆ, ಮನೆಗೆ ಹೋಗಿ ವೇದಾವತಿಗೆ ಒಂದು ಮಾತು ಹೇಳಿಬಿಡು ಎಂದೆ.

“ಏನಂತ ಹೇಳ್ಲಿ?”

“ಮುಗಿಸಿದೆವು ಅಂತ.”

ಅವನು ಗೇರು ಹಾಕಿದ. ಹಾಕಿದ್ದು ನನ್ನ ಕಿವಿಗೆ ತಿಳಿಯಲೇ ಇಲ್ಲ.